ಕಿಡಿ ಹಾರುವ ಹೊತ್ತು

‘ಹೊತ್ತು ನೋಡಿ ಮಾತಾಡು’ ಎಂಬ ಬುದ್ಧಿಮಾತನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಕಡೆ ಇರಲಾರಳು. ಅಪ್ಪ ಈಗ ತಾನೆ ಆಫೀಸಿನಿಂದ ಬಂದಿದ್ದಾರೆ, ಕಾಫಿ ಕುಡಿಯಲಿ, ಆಮೇಲೆ ಹೇಳು. ಕಾಫಿ ಆಯಿತು, ಪೇಪರ್ ಓದುತ್ತಿದ್ದಾರೆ, ಊಟವಾಗಲಿ. ಊಟವೂ ಆಯಿತು, ಮಲಗುವ ಹೊತ್ತಿನಲ್ಲಿ ಯಾಕೆ ಆ ವಿಷಯ, ಬೆಳಿಗ್ಗೆ ನೋಡೋಣ. ಹೀಗೆ ಮುಂದೂಡಿ ಮುಂದೂಡಿ ಕಾಲೇಜಿನ ಅರ್ಜಿಯ ಕೊನೆಯ ತಾರೀಖೇ ಕಳೆದುಹೋದ ಹುಡುಗಿಯರು ನನ್ನ ಓರಗೆಯವರಲ್ಲೇ ಇಬ್ಬರಿದ್ದಾರೆ. ಮದುವೆಯಾಗಿ ಬಂದ ಮೇಲೆ ಅಪ್ಪನ ಜಾಗದಲ್ಲಿ ಗಂಡ, ಅಮ್ಮನ ಜಾಗದಲ್ಲಿ ಅತ್ತೆ. ಬುದ್ಧಿಮಾತು ಮಾತ್ರ ಅದೇ.

ಆ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಹಸಿದು ಬಂದವರ ಮುಂದೆ ಖರ್ಚಿನ ಲೆಕ್ಕ ತೆಗೆಯಬಾರದು, ಸಾವಿನ ಮನೆಯಲ್ಲಿ ಸಾಲ ಕೇಳಬಾರದು ಎಂಬುದು ಎಲ್ಲರಿಗೂ ಗೊತ್ತು. ನನ್ನ ತಕರಾರು ಬೇರೆ. ಹೊತ್ತು ನೋಡು ಎನ್ನುವವರು ಅದನ್ನು ಹೇಗೆ ನೋಡಬೇಕೆಂದು ಹೇಳಿಕೊಡುವುದಿಲ್ಲ. ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಕೇಳುವವರಿಗೆ ಅನುಕೂಲವಾದ ಹೊತ್ತು. ಹೇಳಬೇಕಾದ ವಿಷಯಕ್ಕೂ ತನ್ನದೇ ಆದ ಹೊತ್ತೊಂದು ಇರುತ್ತದಲ್ಲ? ಅದನ್ನು ಅಳೆಯುವುದು ಹೇಗೆ?

ಅಳೆಯುವ ಒಂದು ಬಗೆಯನ್ನು ನಾನು ಕಂಡದ್ದು ಹಳೆಯ ಮೋಟಾರ್ ಸೈಕಲ್ಲೊಂದರಲ್ಲಿ. ನಗಬೇಡಿ. ಅಡುಗೆಮನೆಯಿಂದಲೇ ತತ್ತ್ವ ಹುಟ್ಟಬೇಕೆಂದು ಹೆಂಗಸರಿಗೇನೂ ಕಟ್ಟಳೆ ಇಲ್ಲವಲ್ಲ.

ನಮ್ಮ ಮನೆಯಲ್ಲೊಂದು ಜಾವಾ ಇದೆ. ಮಾವನವರು 1968ರಲ್ಲಿ ಕೊಂಡದ್ದು. ಮೈಸೂರಿನವರಿಗೆ ಜಾವಾ ಎಂದರೆ ವಿವರಿಸಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಎರಡು ಮಾತು. ಜಾನೆಚೆಕ್ ಎಂಬ ಜೆಕ್ ದೇಶದ ಮನುಷ್ಯ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡು, ತನ್ನ ಹೆಸರಿನ ‘ಜಾ’, ಅವರ ಹೆಸರಿನ ‘ವಾ’ ಸೇರಿಸಿ ಕರೆದದ್ದು ಜಾವಾ. (ಮದುವೆಯಲ್ಲಿ ಇಬ್ಬರ ಹೆಸರೂ ಹೀಗೆ ಅರ್ಧರ್ಧ ಉಳಿಯುವ ಪದ್ಧತಿ ನಮ್ಮಲ್ಲಿ ಯಾಕೆ ಬರಲಿಲ್ಲವೋ!) 1960ರ ದಶಕದ ಆರಂಭದಲ್ಲಿ ನಮ್ಮ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಮುಂದೆ ಅಲ್ಲಿಂದ ಬಂದ ಗಾಡಿಗಳಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಮುಚ್ಚಿಕೊಳ್ಳಲಿಲ್ಲ. ಈಗಲೂ ನಮ್ಮ ಬೀದಿಯ ತಿರುವಿನಲ್ಲಿ ಆ ‘ಡುಗ್ ಡುಗ್’ ಕೇಳಿದರೆ ವಯಸ್ಸಾದವರು ಗೇಟಿನ ತನಕ ಬಂದು ನೋಡುತ್ತಾರೆ.

ಮಾವನವರು ಹೋದ ಮೇಲೆ ಗಾಡಿ ನಮ್ಮ ಮನೆಯವರ ಪಾಲಿಗೆ ಬಂತು. ಗಾಡಿಯ ಜೊತೆಗೆ ಅದರ ಸೇವೆಯೂ ಬಂತು. ಕೆಲವು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಟೈಮಿಂಗ್ ನೋಡುವ ಕೆಲಸ. ಅದಕ್ಕೆ ಎರಡು ಜೊತೆ ಕೈ ಬೇಕು. ಒಬ್ಬರು ಹಿಂದಿನ ಚಕ್ರ ತಿರುಗಿಸಬೇಕು, ಇನ್ನೊಬ್ಬರು ನೋಡಬೇಕು. ಮೊದಮೊದಲು ಚಕ್ರ ತಿರುಗಿಸುವುದು ನನ್ನ ಪಾಲು. ಇವರಿಗೆ ಚಾಳೀಸು ಬಂದ ಮೇಲೆ ಪಾಲು ಅದಲುಬದಲಾಯಿತು. ಸೂಜಿಗೆ ದಾರ ಪೋಣಿಸುವ ಕಣ್ಣು ಮನೆಯಲ್ಲಿ ಉಳಿದಿದ್ದದ್ದು ನನ್ನದೇ.

ಮೊದಲು ಎಂಜಿನ್ನಿನೊಳಗೆ ನಡೆಯುವುದೇನು ಎಂದು ಹೇಳಬೇಕು. ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಮೇಲೆ ಬರುವಾಗ ಪೆಟ್ರೋಲು ಬೆರೆತ ಗಾಳಿಯನ್ನು ಒತ್ತಿ ಹಿಡಿಯುತ್ತದೆ. ಪ್ಲಗ್ಗಿನಿಂದ ಕಿಡಿ ಹಾರಿ ಅದು ಉರಿದು, ಆ ಉರಿಯ ಒತ್ತಡ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಕಿಡಿ ಯಾವಾಗ ಹಾರಬೇಕು ಎಂದು ಕೇಳಿದರೆ ಯಾರೂ ಹೇಳುವುದು, ಪಿಸ್ಟನ್ ಪೂರಾ ಮೇಲೆ ಬಂದ ಕ್ಷಣದಲ್ಲಿ ಎಂದು. ನಾನೂ ಹಾಗೆಯೇ ಎಂದುಕೊಂಡಿದ್ದೆ. ಹಾಗಲ್ಲ. ನಮ್ಮ ಜಾವಾದಲ್ಲಿ ಪಿಸ್ಟನ್ನಿನ ಓಡಾಟ 75 ಮಿಲಿಮೀಟರ್. ಮೇಲೆ ಮುಟ್ಟಲು ಇನ್ನೂ 3 ಮಿಲಿಮೀಟರ್ ಆಸುಪಾಸು ಇರುವಾಗಲೇ ಕಿಡಿ ಹಾರಬೇಕು. ಮಾದರಿಯಿಂದ ಮಾದರಿಗೆ ಇದು ಕೊಂಚ ಹೆಚ್ಚುಕಡಿಮೆ.

ಯಾಕೆಂದರೆ ಪೆಟ್ರೋಲು ಪಟಾಕಿಯ ಹಾಗೆ ಒಮ್ಮೆಗೇ ಸಿಡಿಯುವುದಿಲ್ಲ, ಉರಿಯುತ್ತದೆ. ಒಂದು ಮೂಲೆಯಲ್ಲಿ ಹೊತ್ತಿದ ಉರಿ ಉಳಿದೆಡೆಗೆ ಹರಡಲು ಸಮಯ ಹಿಡಿಯುತ್ತದೆ. ಎಷ್ಟು ಸಮಯ? ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುವ ಎಂಜಿನ್ನು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಆ 3 ಮಿಲಿಮೀಟರ್ ಎಂದರೆ ಸುತ್ತಿನ ಲೆಕ್ಕದಲ್ಲಿ ಸುಮಾರು 20 ಡಿಗ್ರಿ, ಕಾಲದ ಲೆಕ್ಕದಲ್ಲಿ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಷ್ಟು ಮುಂಚೆ ಹಚ್ಚಿದರೆ, ಪಿಸ್ಟನ್ ಮೇಲೆ ಮುಟ್ಟಿ ಇಳಿಯತೊಡಗಿದ ಕೂಡಲೇ ಉರಿ ಪೂರ್ತಿ ಬಲಕ್ಕೆ ಬಂದಿರುತ್ತದೆ. ತುದಿ ಮುಟ್ಟಿದ ಮೇಲೆ ಹಚ್ಚೋಣ ಎಂದು ಕಾದರೆ ಪಿಸ್ಟನ್ ಓಡಿಹೋಗುತ್ತಿರುತ್ತದೆ, ಉರಿ ಅದರ ಬೆನ್ನು ಹತ್ತಿರುತ್ತದೆ. ಗಾಡಿಗೆ ಎಳೆತವಿಲ್ಲ, ಸೈಲೆನ್ಸರ್ ಕಾದ ಕಾವಲಿ, ಪೆಟ್ರೋಲು ದಂಡ. ತೀರಾ ಮುಂಚೆ ಹಚ್ಚಿದರೂ ಕೇಡೇ. ಮೇಲೆ ಬರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ಉರಿ ಎದುರಾಗಿ ಗುದ್ದುತ್ತದೆ. ಕಿಕ್ಕರ್ ತಿರುಗಿ ಒದ್ದು ಮೊಣಕಾಲು ಬಾತುಕೊಳ್ಳುತ್ತದೆ. ಹಾಗೆಯೇ ಓಡಿಸುತ್ತಾ ಹೋದರೆ ಪಿಸ್ಟನ್ನೇ ತೂತಾಗುವುದುಂಟು. ಇನ್ನೊಂದು ವಿಚಿತ್ರ ಕೇಳಿ. ಹಳೆಯ ಟೂ ಸ್ಟ್ರೋಕ್ ಎಂಜಿನ್ನುಗಳು ಹೀಗೆ ಒದ್ದಾಗ ಅಪರೂಪಕ್ಕೆ ಹಿಂದುಮುಂದಾಗಿ ತಿರುಗತೊಡಗುತ್ತವೆ. ಸದ್ದು ಹೆಚ್ಚುಕಡಿಮೆ ಅದೇ. ಗೇರು ಹಾಕಿದ ಮೇಲೆ ಗಾಡಿ ಹಿಂದಕ್ಕೆ ಹೊರಟಾಗಲೇ ಗೊತ್ತಾಗುವುದು. ಆತುರಕ್ಕೆ ಆಡಿದ ಸತ್ಯದಿಂದ ಇಡೀ ಸಂಸಾರ ಹಿಂದಕ್ಕೆ ಓಡಿದ್ದನ್ನು ನೀವೂ ಕಂಡಿರಬಹುದು. ಮಾತೆಲ್ಲ ಸರಿಯಾಗಿಯೇ ಕೇಳಿಸುತ್ತಿರುತ್ತದೆ.

ಇನ್ನು ಟೈಮಿಂಗ್ ನೋಡುವ ಕ್ರಮ. ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಆಳ ಅಳೆಯುವ ಕಡ್ಡಿ ಇಳಿಸಬೇಕು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಮೇಲಿನ ಗೇರಿನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ಏರುವುದು, ತುದಿಯಲ್ಲಿ ಒಂದು ಗಳಿಗೆ ನಿಂತಂತಾಗಿ ಇಳಿಯುವುದು ಕಡ್ಡಿಯಲ್ಲಿ ಕಾಣುತ್ತದೆ. ಬಲಗಡೆಯ ಮುಚ್ಚಳ ತೆಗೆದರೆ ಒಳಗೆ ‘ಪಾಯಿಂಟ್’ ಇದೆ. ಒಂದಕ್ಕೊಂದು ಮುಟ್ಟಿ ಬಿಡುವ ಎರಡು ಪುಟ್ಟ ಲೋಹದ ಬಿಲ್ಲೆಗಳು. ಅವು ಪೂರಾ ಬಿಟ್ಟಾಗ ನಡುವಿನ ಸಂದು 0.4 ಮಿಲಿಮೀಟರ್ ಇರಬೇಕು. ಮೊದಲು ಈ ಸಂದು ಸರಿಮಾಡಿ ಆಮೇಲೆಯೇ ಟೈಮಿಂಗ್ ಮುಟ್ಟಬೇಕು, ಯಾಕೆಂದರೆ ಸಂದು ಬದಲಾದರೆ ಹೊತ್ತೂ ಬದಲಾಗುತ್ತದೆ. ಸಂದು ಹೆಚ್ಚಾದರೆ ಪಾಯಿಂಟ್ ಬೇಗ ಬಿಡುತ್ತದೆ, ಕಡಿಮೆಯಾದರೆ ತಡವಾಗಿ. ಬಿಲ್ಲೆಗಳ ನಡುವೆ ಮೆಕ್ಯಾನಿಕ್ಕುಗಳು ಸಿಗರೇಟಿನ ತೆಳು ಕಾಗದ ಸಿಕ್ಕಿಸುತ್ತಾರೆ. ನಮ್ಮ ಮನೆಯಲ್ಲಿ ಸಿಗರೇಟಿಲ್ಲ. ಊದುಬತ್ತಿ ಪೊಟ್ಟಣದ ಜಿಗಿಜಿಗಿ ಕಾಗದವೇ ನನಗೆ ಸಾಕು. ಕಾಗದವನ್ನು ಮೆಲ್ಲನೆ ಎಳೆದು ಹಿಡಿದಿದ್ದರೆ, ಪಾಯಿಂಟ್ ಬಿಡುವ ಕ್ಷಣಕ್ಕೆ ಅದು ಜಾರಿ ಕೈಗೆ ಬರುತ್ತದೆ. ಆಗ ಕಡ್ಡಿ ತುದಿಗಿಂತ 3 ಮಿಲಿಮೀಟರ್ ಕೆಳಗೆ ಇರಬೇಕು. ಇಲ್ಲದಿದ್ದರೆ ಪಾಯಿಂಟ್ ಕೂತಿರುವ ತಟ್ಟೆಯ ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಬೇಕು. ಎಂಜಿನ್ ತಿರುಗುವ ದಿಕ್ಕಿಗೆ ತಿರುಗಿಸಿದರೆ ಕಿಡಿ ತಡವಾಗುತ್ತದೆ, ಎದುರು ದಿಕ್ಕಿಗಾದರೆ ಬೇಗ. ಪುಟ್ಟ ಬಲ್ಬು ಜೋಡಿಸಿಯೂ ನೋಡಬಹುದು. ಪಾಯಿಂಟ್ ಕೂಡಿರುವಾಗ ಬಲ್ಬು ಆರಿರುತ್ತದೆ, ಬಿಟ್ಟ ಕೂಡಲೇ ಹೊತ್ತುತ್ತದೆ.

ಇದರಲ್ಲಿ ಎರಡು ಸಂಗತಿ ನನ್ನನ್ನು ಬಹಳ ದಿನ ಕಾಡಿದವು.

ಮೊದಲನೆಯದು, ಚಕ್ರವನ್ನು ಯಾವಾಗಲೂ ಗಾಡಿ ಓಡುವ ದಿಕ್ಕಿಗೇ ತಿರುಗಿಸುತ್ತಾ ಗುರುತಿಗೆ ಬರಬೇಕು. ಗುರುತು ದಾಟಿಹೋಯಿತೆಂದು ಸುಮ್ಮನೆ ಹಿಂದಕ್ಕೆ ತಂದು ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಸರಪಳಿಯಲ್ಲಿ, ಹಲ್ಲುಗಳಲ್ಲಿ ಇರುವ ಸಡಿಲವೆಲ್ಲ ಸುಳ್ಳು ಹೇಳುತ್ತದೆ. ದಾಟಿದ್ದರೆ ಇನ್ನೂ ಹಿಂದಕ್ಕೆ ಹೋಗಿ, ಮತ್ತೆ ಮುಂದೆ ಬರುತ್ತಾ ಹಿಡಿಯಬೇಕು. ಹೊತ್ತನ್ನು ನಿಂತ ನೀರಿನಲ್ಲಿ ಹುಡುಕುವುದಲ್ಲ. ಅದು ಯಾವ ಕಡೆ ಸಾಗುತ್ತಿದೆಯೋ ಅದರ ಜೊತೆಯಲ್ಲೇ ಸಾಗಿ ಕಾಣಬೇಕು.

ಎರಡನೆಯದು, ಕಿಡಿ ಹಾರುವುದು ಬಿಲ್ಲೆಗಳು ಕೂಡಿದಾಗಲ್ಲ, ಬಿಟ್ಟಾಗ. ಕೂಡಿರುವಷ್ಟು ಹೊತ್ತು ವಿದ್ಯುತ್ತು ಕಾಯಿಲಿನಲ್ಲಿ ಹರಿದು ಅದರಲ್ಲಿ ಶಕ್ತಿ ತುಂಬಿಕೊಳ್ಳುತ್ತದೆ. ಬಿಟ್ಟ ಕ್ಷಣಕ್ಕೆ ಅದೆಲ್ಲ ಕುಸಿದು ಸಾವಿರಾರು ವೋಲ್ಟಿನ ಕಿಡಿಯಾಗುತ್ತದೆ. ಬ್ಯಾಟರಿಯೋ, ಬರೀ 6 ವೋಲ್ಟಿನದು! ಸಂದು ಅತಿಯಾದರೆ ಬಿಲ್ಲೆಗಳು ಕೂಡಿರುವ ಹೊತ್ತು ಕಡಿಮೆ, ಕಾಯಿಲು ತುಂಬುವುದಿಲ್ಲ, ಕಿಡಿ ಹಾರಿದರೂ ಬಡಕಲು. ನನಗೆ ತಟ್ಟನೆ ನೆನಪಾದವರು ವರ್ಷಕ್ಕೊಮ್ಮೆ ಬಂದು, ಎರಡು ದಿನ ಇದ್ದು, ‘ಇದ್ದದ್ದು ಇದ್ದ ಹಾಗೆ ಹೇಳುವವಳು ನಾನು’ ಎಂದು ಎಲ್ಲರಿಗೂ ಸತ್ಯ ಹಂಚಿ ಬಸ್ಸು ಹತ್ತುವ ನೆಂಟರು. ಅವರ ಮಾತಿನಲ್ಲಿ ತಪ್ಪಿರುವುದಿಲ್ಲ. ಬೆಂಕಿಯೂ ಹೊತ್ತುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನಮ್ಮ ಮನೆಯಲ್ಲಿ ಈ ಪ್ರಶ್ನೆ ಒಮ್ಮೆ ತಮಾಷೆಯಾಗಿ ಉಳಿಯಲಿಲ್ಲ. 2011ರ ನವೆಂಬರಿನಲ್ಲಿ ಅತ್ತೆಯವರಿಗೆ ಹೊಟ್ಟೆನೋವೆಂದು ಪರೀಕ್ಷೆ ಮಾಡಿಸಿದಾಗ ಪಿತ್ತಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಯಕೃತ್ತಿಗೂ ಹರಡಿತ್ತು. ಆಪರೇಷನ್ ಪ್ರಯೋಜನವಿಲ್ಲ, ಆರೇಳು ತಿಂಗಳು ಇರಬಹುದು ಎಂದು ಡಾಕ್ಟರು ಇಬ್ಬರು ಗಂಡುಮಕ್ಕಳನ್ನು ಕೂರಿಸಿ ಹೇಳಿದರು. ಅತ್ತೆಗೆ ಹೇಳಿದ್ದು ‘ಪಿತ್ತದ ಕಲ್ಲು’ ಎಂದು.

ಭಾವ ಬೆಂಗಳೂರಿನಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಅವರ ಮಾತು ಸ್ಪಷ್ಟ: ‘ಅಮ್ಮನಿಗೆ ಗೊತ್ತಾಗಬಾರದು. ಈಗಂತೂ ಬೇಡ. ಸಂಕ್ರಾಂತಿ ಕಳೆಯಲಿ.’ ಸಂಕ್ರಾಂತಿಯ ಆಚೆಗೆ ಏಪ್ರಿಲ್‌ನಲ್ಲಿ ಅವರ ಮಗನ ಉಪನಯನವಿತ್ತು. ಅದೂ ಕಳೆಯಲಿ. ನಮ್ಮ ಮನೆಯವರು ನನ್ನ ಹತ್ತಿರ ಮಾತ್ರ, ‘ಹೇಳಬೇಕು ಅನ್ನಿಸುತ್ತೆ, ನನ್ನ ಬಾಯಲ್ಲಿ ಬರೋದಿಲ್ಲ’ ಎಂದರು. ಭಾವನನ್ನು ನಾನು ಕಟುಕರೆಂದು ಚಿತ್ರಿಸಲಾರೆ. ಅಮ್ಮನ ಮುಖ ಬಾಡುವುದನ್ನು ನೋಡಲಾರದ ಮಗ ಅವರು. ಆದರೆ ಅವರು ನೋಡುತ್ತಿದ್ದದ್ದು ಗೋಡೆಯ ಕ್ಯಾಲೆಂಡರು.

ನಾನು ನೋಡುತ್ತಿದ್ದದ್ದು ಅತ್ತೆಯನ್ನು. ಹತ್ತಿರವಿದ್ದವಳಿಗೆ ಕಾಣುವುದು ಬೇರೆ. ಟ್ರಂಕು ತೆಗೆದು ಒಂದೊಂದೇ ಸೀರೆ ಮಡಿಸಿಡತೊಡಗಿದ್ದರು. ತುಳಸಿಕಟ್ಟೆಗೆ ಬಣ್ಣ ಬಳಿಸಬೇಕೆಂದು ಅವಸರ ಮಾಡಿದರು. ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ತಿರುಮಕೂಡಲು ನರಸೀಪುರದ ತಂಗಿಯ ಹೆಸರನ್ನು ಎರಡು ಸಲ ತಾವಾಗಿ ಎತ್ತಿದರು. ತವರಿನ ಗದ್ದೆಯ ಕಾಗದಕ್ಕೆ ಸಹಿ ಹಾಕುವ ವಿಷಯದಲ್ಲಿ ಎದ್ದ ಜಗಳ ಅದು. ಮತ್ತು ನನ್ನನ್ನು ಕೇಳಿದರು, ‘ಏನಂತೆ ಕಣೇ ನನಗೆ?’ ಮೊದಲ ಸಲ ಕೇಳಿದಾಗ ‘ಡಾಕ್ಟರ ಹತ್ತಿರ ಮತ್ತೆ ಮಾತಾಡಬೇಕಂತೆ’ ಎಂದೆ. ಅದು ನಿಜವೂ ಆಗಿತ್ತು. ಎರಡನೆಯ ಸಲ ಕೇಳಿದ ರಾತ್ರಿ ಭಾವನಿಗೆ ಫೋನು ಮಾಡಿ ಹೇಳಿದೆ: ‘ನಾನಾಗಿ ಹೇಳುವುದಿಲ್ಲ. ಮೂರನೆಯ ಸಲ ಕೇಳಿದರೆ ಸುಳ್ಳು ಹೇಳುವುದೂ ಇಲ್ಲ. ಅದಕ್ಕೆ ಮುಂಚೆ ನೀವು ಬಂದು ಹೇಳುವುದಾದರೆ ಬನ್ನಿ.’ ಅವರು ಬರಲಿಲ್ಲ. ಕೋಪ ಮಾತ್ರ ಬಂತು.

ಆಗ ನನ್ನ ತಲೆಯಲ್ಲಿದ್ದದ್ದು ಆ 3 ಮಿಲಿಮೀಟರ್. ಇಂಥ ಮಾತು ಕಿವಿಗೆ ಬಿದ್ದ ಕೂಡಲೇ ಕೆಲಸ ಮಾಡುವುದಿಲ್ಲ. ಒಳಗೆ ಉರಿಯಬೇಕು, ಮೂಲೆ ಮೂಲೆಗೆ ಹರಡಬೇಕು, ಆಮೇಲೆ ತಳ್ಳುತ್ತದೆ. ಏಪ್ರಿಲ್ ಕಳೆದ ಮೇಲೆ ಹೇಳಿದರೆ ಅತ್ತೆಯ ಕೈಯಲ್ಲಿ ಬಸ್ಸು ಹತ್ತುವ ಶಕ್ತಿಯಾದರೂ ಉಳಿದಿರುತ್ತದೆಯೇ? ಎಲ್ಲ ಗೊತ್ತಾಗಿಯೂ ಏನೂ ಮಾಡಲಾಗದ ಸ್ಥಿತಿಯಲ್ಲಿ ಸತ್ಯ ಹೇಳುವುದು, ಓಡಿಹೋಗುವ ಪಿಸ್ಟನ್ನಿನ ಬೆನ್ನಿಗೆ ಬೆಂಕಿ ಹಚ್ಚಿದಂತೆ. ಸೈಲೆನ್ಸರ್ ಕಾಯುತ್ತದೆ ಅಷ್ಟೆ.

ಡಿಸೆಂಬರಿನ ಕೊನೆಯಲ್ಲಿ, ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಮೂರನೆಯ ಸಲ ಕೇಳಿದರು. ಹೇಳಿದೆ. ಇಪ್ಪತ್ತನಾಲ್ಕು ವರ್ಷ ಒಂದೇ ಒಲೆಯ ಮುಂದೆ ನಿಂತವರು ನಾವು, ಜಗಳವೂ ಸೇರಿದಂತೆ. ಆ ಮಾತು ನನ್ನ ಬಾಯಿಂದ ಬರುವುದಕ್ಕೆ ಅಷ್ಟು ವರ್ಷ ಬೇಕಾಗಿತ್ತೇನೋ. ಅತ್ತೆ ಕೈಯಲ್ಲಿದ್ದ ಕಾಯಿ ಪೂರಾ ಸುಲಿದು, ಕಾಳು ಮೊರಕ್ಕೆ ಹಾಕಿ, ‘ಎಷ್ಟು ದಿನ ಅಂದರು?’ ಎಂದರು. ಅದನ್ನೂ ಹೇಳಿದೆ. ಮತ್ತೆ ರಾತ್ರಿಯವರೆಗೆ ಮಾತಿಲ್ಲ.

ಜನವರಿಯಲ್ಲಿ ನರಸೀಪುರಕ್ಕೆ ಹೋಗಿ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದರು. ಏನು ಮಾತಾಡಿದರೆಂದು ನಮಗೆ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಓಲೆ, ಬಳೆ, ಅವಲಕ್ಕಿ ಸರ ಯಾರ್‍ಯಾರಿಗೆ ಎಂದು ತಾವೇ ಕೂತು ಹಂಚಿದರು. ಉಪನಯನಕ್ಕೆ ಕುರ್ಚಿಯಲ್ಲಿ ಕೂರಿಸಿ ಕರೆದೊಯ್ದೆವು. 2012ರ ಜೂನಿನಲ್ಲಿ ಹೋದರು.

ಇಲ್ಲಿಗೆ ನಾನು ಗೆದ್ದೆನೆಂದು ಹೇಳಿ ಲೇಖನ ಮುಗಿಸಬಹುದಾಗಿತ್ತು. ಆದರೆ ಭಾವ ಹೇಳುವ ಇನ್ನೊಂದು ಅರ್ಧವಿದೆ, ಅದೂ ನಿಜ. ಆ ದಿನದಿಂದ ಅತ್ತೆಗೆ ರಾತ್ರಿ ನಿದ್ದೆ ಹೋಯಿತು. ಎರಡು ಗಂಟೆಗೆ ಎದ್ದು ದೇವರ ಮನೆಯಲ್ಲಿ ದೀಪ ಹಚ್ಚಿಕೊಂಡು ಕೂರುತ್ತಿದ್ದರು. ‘ಆರು ತಿಂಗಳು ಅವಳು ಪಿತ್ತದ ಕಲ್ಲು ಅಂದುಕೊಂಡೇ ನಿದ್ದೆ ಮಾಡಬಹುದಾಗಿತ್ತು’ ಎಂದು ಭಾವ ಹೇಳಿದಾಗ ನನ್ನಲ್ಲಿ ಉತ್ತರವಿಲ್ಲ. ತಂಗಿಯ ಮನೆಯ ನಾಲ್ಕು ದಿನವನ್ನು ಒಂದು ತಟ್ಟೆಯಲ್ಲಿ, ನಿದ್ದೆಯಿಲ್ಲದ ನೂರೈವತ್ತು ರಾತ್ರಿಗಳನ್ನು ಇನ್ನೊಂದರಲ್ಲಿ ಇಟ್ಟು ತೂಗುವ ತಕ್ಕಡಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಅತ್ತೆ ಕೇಳಿದ್ದರು, ಅದು ಅವರ ದೇಹದ ವಿಷಯವಾಗಿತ್ತು ಎಂಬುದಷ್ಟೇ ನನ್ನ ನೆಲೆ. ಅದನ್ನು ಬಿಟ್ಟು ಕದಲಲು ನನಗೆ ಈವರೆಗೆ ಕಾರಣ ಸಿಕ್ಕಿಲ್ಲ.

ಗಾಡಿಯ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು ಎಂಬುದೂ ನನಗೆ ಗೊತ್ತು. ಎಂಜಿನ್ನಿಗೆ ಒಂದು ಸುತ್ತಿನಲ್ಲಿ ಹೊತ್ತು ತಪ್ಪಿದರೆ ಮುಂದಿನ ಸುತ್ತು ಇದೆ, ಸೆಕೆಂಡಿಗೆ 50. ಮನುಷ್ಯರಿಗೆ ಒಂದೇ. ಅಲ್ಲದೆ ಎಲ್ಲ ಎಂಜಿನ್ನಿಗೂ ಒಂದೇ ಅಳತೆಯಲ್ಲ. ನಮ್ಮ ಜಾವಾದಲ್ಲಿ ಒಮ್ಮೆ ಕೂರಿಸಿದ ಹೊತ್ತು ನಿಧಾನಕ್ಕೂ ವೇಗಕ್ಕೂ ಅದೇ. ಬುಲೆಟ್ಟಿನಲ್ಲಿ ವೇಗ ಹೆಚ್ಚಿದಂತೆ ಅಗಲವಾಗುವ ಪುಟ್ಟ ತೂಕಗಳಿದ್ದು, ಅವು ಕಿಡಿಯನ್ನು ತಾವಾಗಿ ಮುಂಚೆ ತರುತ್ತಿದ್ದವು. ಅದಕ್ಕೂ ಹಿಂದಿನ ಇಂಗ್ಲಿಷ್ ಗಾಡಿಗಳಲ್ಲಿ ಹ್ಯಾಂಡಲ್ಲಿನ ಮೇಲೆಯೇ ಒಂದು ಸಣ್ಣ ಹಿಡಿಯಿತ್ತು. ಏರು, ಇಳಿಜಾರು, ವೇಗ ನೋಡಿಕೊಂಡು ಓಡಿಸುವವನೇ ಹೊತ್ತನ್ನು ಹಿಂದೆ ಮುಂದೆ ಮಾಡಬೇಕಿತ್ತು. ಸಂಸಾರದಲ್ಲಿ ನಮಗಿರುವುದು ಹೆಚ್ಚುಕಡಿಮೆ ಆ ಹಿಡಿಯಂಥದೇ, ಗುರುತು ಕೊರೆದಿಲ್ಲದ ಹಿಡಿ.

ಒಂದು ಸಂಗತಿಯನ್ನು ಮಾತ್ರ ಒತ್ತಿ ಹೇಳಬೇಕು. ಪಾಯಿಂಟಿನ ತೋಳಿಗೆ ಒಂದು ಪುಟ್ಟ ಗಟ್ಟಿ ಹಿಮ್ಮಡಿ ಇರುತ್ತದೆ, ತಿರುಗುವ ಉಬ್ಬಿಗೆ ತಾಗಿ ಸವೆಯುತ್ತಲೇ ಇರುವ ಭಾಗ ಅದು. ಅದು ಸವೆದಷ್ಟೂ ಸಂದು ಕಿರಿದಾಗುತ್ತದೆ, ಸಂದು ಕಿರಿದಾದಷ್ಟೂ ಕಿಡಿ ತಡವಾಗುತ್ತದೆ. ಅಂದರೆ ಯಾರೂ ಮುಟ್ಟದೆ ಬಿಟ್ಟರೆ ಪಾಯಿಂಟಿನ ಟೈಮಿಂಗ್ ತಾನಾಗಿ ಜಾರುವುದು ತಡದ ಕಡೆಗೇ. ಹೊತ್ತು ನೋಡಿ, ಹೊತ್ತು ನೋಡಿ ಎಂದು ನಮ್ಮನ್ನು ಬೆಳೆಸಿದವರು ಬೇಗ ಮಾತಾಡುವ ಅಪಾಯಕ್ಕೆ ಮಾತ್ರ ಹೆದರಿದರು. ಇನ್ನೊಂದು ಕಡೆಯ ನಷ್ಟಕ್ಕೆ ಶಬ್ದವಿಲ್ಲ. ಗಾಡಿ ಓಡುತ್ತಲೇ ಇರುತ್ತದೆ, ಏರಿನಲ್ಲಿ ಕೊಂಚ ಉಸ್ಸೆನ್ನುತ್ತದೆ, ವಯಸ್ಸಾಯಿತು ಎಂದುಕೊಳ್ಳುತ್ತೇವೆ.

ಈಗಿನ ಗಾಡಿಗಳಿಗೆ ಈ ಪಾಯಿಂಟು, ಕಾಗದ, ಬಲ್ಬು ಯಾವುದೂ ಬೇಕಿಲ್ಲ. ಜಾವಾ ಹೆಸರಿನಲ್ಲಿ 2018ರಿಂದ ಮತ್ತೆ ಬಂದಿರುವ ಗಾಡಿಗಳಲ್ಲೂ ಹೊತ್ತನ್ನು ಲೆಕ್ಕ ಹಾಕುವುದು ಒಳಗಿನ ಪುಟ್ಟ ಕಂಪ್ಯೂಟರು. ನನ್ನ ಮಗಳಿಗೆ ಇವೆಲ್ಲ ಅಮ್ಮನ ಹಳೆಯ ಗೀಳು.

ಭಾವನೂ ನಾನೂ ಮಾತು ಬಿಟ್ಟಿಲ್ಲ. ಒಂದು ವರ್ಷ ಬಿಗಿಯಾಗಿದ್ದರು, ಆಮೇಲೆ ಸಡಿಲವಾದರು. ಹೋದ ದೀಪಾವಳಿಗೆ ಬಂದಾಗ ಹೋಳಿಗೆ ಬಡಿಸುತ್ತಿದ್ದೆ. ಯಾರದೋ ಕಾಯಿಲೆಯ ಮಾತು ಬಂತು. ಭಾವ ನಗುತ್ತಾ, ಆದರೆ ಪೂರಾ ನಗೆಯೇನೂ ಅಲ್ಲ, ಎಲ್ಲರೆದುರಿಗೆ ನನಗೆ ಹೇಳಿದರು: ‘ನೋಡಮ್ಮ, ನಾಳೆ ನನಗೇನಾದರೂ ದೊಡ್ಡದು ಬಂದರೆ ನನಗೆ ಹೇಳಬೇಡ. ನಾನು ಕೇಳಿದರೂ ಹೇಳಬೇಡ.’

‘ಆಗಲಿ, ಈಗಲೇ ಹೇಳಿಟ್ಟಿರಲ್ಲ, ಒಳ್ಳೆಯದಾಯಿತು ಭಾವ’ ಎಂದು ಇನ್ನೊಂದು ಹೋಳಿಗೆ ಬಡಿಸಿದೆ. ಓರಗಿತ್ತಿ ತಟ್ಟೆಯಿಂದ ತಲೆಯೆತ್ತಿ, ‘ನನಗೆ ಮಾತ್ರ ಹೇಳು’ ಎಂದರು.